ದಾಸಿಮಯ್ಯನ ವಚನದ ಮೇಲೆ ಕೆಂಪು ಗೆರೆ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಹಾಗೂ ಅಧ್ಯಯನ ಮಂಡಳಿಯ ಎಲ್ಲ ಸದಸ್ಯರಿಗೆ,

ನಮಸ್ಕಾರಗಳು.

ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಿಎಚ್‌.ಡಿ. ಮಾಡುವ ಕೆಲವರಿಗೆ ಗೈಡ್ ಕೂಡ ಆಗಿದ್ದೇನೆ. ನಮ್ಮ ಕಾಲೇಜು ಸೇರಿರುವುದು ನಿಮ್ಮ ವಿಶ್ವವಿದ್ಯಾಲಯಕ್ಕೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಂಸ್ಥೆಯ ಮಾನ ತೆಗೆಯುವುದು ನನಗೆ ಬೇಕಿಲ್ಲ. ಬೇರೆ ಕಡೆಯೂ ಇದೇ ನಡೆಯುತ್ತಿದೆ ಅಂತ ಜೊತೆಯ ಅಧ್ಯಾಪಕರು ಹೇಳುತ್ತಾರೆ. ಮೊದಲು ಈ ವಿಷಯವನ್ನು ನಿಮ್ಮ ಕಚೇರಿಗೇ ಬರೆದು ಕೊಟ್ಟಿದ್ದೆ. ಟಪಾಲು ವಿಭಾಗದಲ್ಲಿ ಸೀಲು ಹಾಕಿ ತೆಗೆದುಕೊಂಡರು. ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನನ್ನ ವಿದ್ಯಾರ್ಥಿನಿಯೊಬ್ಬಳು ಧರ್ಮ ಪರಂಪರೆಗಳಲ್ಲಿ ಕಾಮ ಮತ್ತು ಅಧ್ಯಾತ್ಮದ ಸಂಬಂಧ ಕುರಿತು ಸಂಶೋಧನೆಗೆ ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪರೇಖೆ, ಸಲ್ಲಿಸಿದಳು. ಶರಣರು, ಜೈನರು, ಸೂಫಿಗಳು, ಕ್ರೈಸ್ತ ಸಂತರು ಈ ವಿಷಯದಲ್ಲಿ ಏನು ಹೇಳಿದ್ದಾರೆ ಅಂತ ಪಕ್ಕಪಕ್ಕ ಇಟ್ಟು ಓದಬೇಕು ಎನ್ನುವುದು ಅವಳ ಆಸೆ. ಹಳಗನ್ನಡ ಚೆನ್ನಾಗಿ ಬರುತ್ತದೆ. ನಮ್ಮ ಕಡೆಯ ಹಳೆಯ ಉರ್ದುವಾದ ದಖನಿ ಓದಲು ಉರ್ದು ಲಿಪಿ ಕಲಿತಿದ್ದಾಳೆ. ಇಂಥ ಮಕ್ಕಳು ನಮಗೆ ಸಿಗುವುದೇ ಅಪರೂಪ.

ಸಿನಾಪ್ಸಿಸ್ ವಾಪಸ್ ಬಂತು. ಅದರಲ್ಲಿ ಜೇಡರ ದಾಸಿಮಯ್ಯನ ವಚನ ಇತ್ತು: ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು.’ ಮೊದಲ ಎರಡು ಪದಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಪಕ್ಕದಲ್ಲಿ ‘ಅಶ್ಲೀಲ, ತೆಗೆಯಿರಿ’ ಅಂತ ಬರೆದಿದ್ದರು. ಸಹಿ ಇರಲಿಲ್ಲ. ಕೊನೆಯ ಹಾಳೆಯಲ್ಲಿ ‘ವಿಷಯ ಬದಲಿಸಿ ಮರುಸಲ್ಲಿಸುವುದು’ ಎಂಬ ಒಂದೇ ಸಾಲು. ಏಕೆ, ಏನು ತಪ್ಪು, ಯಾವ ನಿಯಮ, ಒಂದೂ ಇಲ್ಲ. ನಾನು ಹೋಗಿ ಕೇಳಿದೆ. ‘ಮೇಡಂ, ಸುಮ್ನೆ ಯಾಕೆ ತಲೆನೋವು? ಬೇರೆ ಟಾಪಿಕ್ ಕೊಡಿ, ಮೇಲಿನಿಂದ ಹೇಳಿದ್ದಾರೆ’ ಎಂದರು. ಮೇಲಿನವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಇದೇ ಹೊತ್ತಿಗೆ, ಇದೇ ವಿಷಯದ ಮೇಲೆ ನಾವು ಕೆಲವರು ಸೇರಿ ರೂಪಿಸಿದ ಓಪನ್ ಎಲೆಕ್ಟಿವ್ ಕೋರ್ಸು ನಿಂತುಹೋಯಿತು. ಅಧ್ಯಯನ ಮಂಡಳಿ ಒಪ್ಪಿದ್ದ ಕೋರ್ಸು ಅದು. ಮಕ್ಕಳು ಹೆಸರು ಕೊಟ್ಟಿದ್ದರು. ‘ಆಡಳಿತಾತ್ಮಕ ಕಾರಣಗಳಿಂದ’ ಎಂಬ ಸುತ್ತೋಲೆ ನೋಟಿಸ್ ಬೋರ್ಡಿಗೆ ಬಂತು, ಮುಗಿಯಿತು. ಆಮೇಲೆ ಗ್ರಂಥಾಲಯದಲ್ಲಿ ಧರ್ಮ ಮತ್ತು ಲೈಂಗಿಕತೆ ಕುರಿತ ಪುಸ್ತಕಗಳನ್ನು ತೆರೆದ ಕಪಾಟಿನಿಂದ ತೆಗೆದು ಬೀಗ ಹಾಕಿದ ಬೀರುವಿನಲ್ಲಿ ಇಟ್ಟರು. ಈಗ ಬೇಕೆಂದವರು ವಿಭಾಗದ ಮುಖ್ಯಸ್ಥರ ಪತ್ರ ತರಬೇಕು. ಇಪ್ಪತ್ತೊಂದರ ಹುಡುಗಿಯೊಬ್ಬಳು ಅಂಥ ಪತ್ರ ಕೇಳಲು ಹೋಗುತ್ತಾಳಾ? ಹೋದರೆ ಅವಳನ್ನು ಹೇಗೆ ನೋಡುತ್ತಾರೆ ಅಂತ ನಿಮಗೂ ಗೊತ್ತಿದೆ.

ದಾಸಿಮಯ್ಯ ಬಸವಣ್ಣನವರಿಗಿಂತ ಹಿಂದಿನವನು. ನೇಯ್ಗೆ ಮಾಡುತ್ತಿದ್ದವನು, ಹೆಂಡತಿ ದುಗ್ಗಳೆಯ ಜೊತೆ ಸಂಸಾರ ಮಾಡಿದವನು. ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಅಂತ ಆ ವಚನ ಮುಗಿಯುತ್ತದೆ. ನಾನು ಕಂಡಂತೆ ಕ್ಲಾಸಿನಲ್ಲಿ ಈ ವಚನಕ್ಕೆ ಯಾವ ಮಗುವೂ ನಕ್ಕಿಲ್ಲ. ಸುಮ್ಮನೆ ಕೂತು ಕೇಳಿಸಿಕೊಂಡಿದ್ದಾರೆ. ಎ.ಕೆ. ರಾಮಾನುಜನ್ 1973ರಲ್ಲಿ ಇದನ್ನು ಇಂಗ್ಲಿಷಿಗೆ ತಂದರು. ಅಂದಿನಿಂದ ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ, ಚರ್ಚೆ ಮಾಡುತ್ತಾರೆ. ಬೆಂಗಳೂರಿನಲ್ಲಿ, ಕನ್ನಡದಲ್ಲಿ, ಕನ್ನಡದ ಹುಡುಗಿ ಇದರ ಬಗ್ಗೆ ಬರೆಯಬಾರದು ಎಂದರೆ ನನಗೆ ಸಂಕಟವಾಗುತ್ತದೆ ಸ್ವಾಮಿ.

‘ಇದೆಲ್ಲ ಪಶ್ಚಿಮದಿಂದ ಬಂದ ವಿಷಯ’ ಎನ್ನುವ ಮಾತನ್ನು ಸಭೆಯಲ್ಲಿ ಒಬ್ಬರು ಹೇಳಿದರಂತೆ. ಅದಕ್ಕೇ ಉತ್ತರ ಕೊಡಬೇಕು ಅನಿಸಿದ್ದು.

ಜೈನರ ಒಂದು ಚರ್ಚೆಯನ್ನು ನೋಡಿ. ಹೆಣ್ಣಿಗೆ ಹೆಣ್ಣಾಗಿಯೇ ಮೋಕ್ಷ ಸಿಗುತ್ತದಾ? ದಿಗಂಬರರು ಇಲ್ಲ ಎಂದರು. ಮೋಕ್ಷಕ್ಕೆ ಪರಿಗ್ರಹವನ್ನು, ಅಂದರೆ ತನ್ನದು ಎನ್ನುವುದನ್ನೆಲ್ಲ, ಪೂರ್ತಿ ಬಿಡಬೇಕು, ಬಟ್ಟೆಯನ್ನೂ ಬಿಡಬೇಕು, ಹೆಣ್ಣಿಗೆ ಅದು ಆಗದು ಎನ್ನುವುದು ಅವರ ವಾದದ ಒಂದು ಮುಖ್ಯ ಎಳೆ. ಶ್ವೇತಾಂಬರರು ಒಪ್ಪಲಿಲ್ಲ. ಹತ್ತೊಂಬತ್ತನೇ ತೀರ್ಥಂಕರರು ಅವರ ಪ್ರಕಾರ ಹೆಣ್ಣು, ದಿಗಂಬರರ ಪ್ರಕಾರ ಗಂಡು. ಇವೆರಡರ ನಡುವೆ ನಮ್ಮ ಕರ್ನಾಟಕದಲ್ಲಿ ಬೆಳೆದದ್ದು ಯಾಪನೀಯ ಸಂಘ. ಅದರ ಮುನಿಗಳು ದಿಗಂಬರರ ಹಾಗೆ ಬೆತ್ತಲೆ ಇರುತ್ತಿದ್ದರು. ಆದರೆ ಹೆಣ್ಣಿಗೂ ಮೋಕ್ಷ ಉಂಟು ಅಂತ ನಂಬಿದ್ದರು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಯಾಪನೀಯರ ಶಾಕಟಾಯನ ಇದನ್ನು ಸಮರ್ಥಿಸಿ ಒಂದು ಗ್ರಂಥವನ್ನೇ ಬರೆದ. ವ್ಯಾಕರಣ ಬರೆದ ಶಾಕಟಾಯನನೂ ಅವನೇ.

ಇಲ್ಲಿಗೇ ನಿಲ್ಲಲಿಲ್ಲ ಅವರು. ದೇಹದ ಲಿಂಗ ಬೇರೆ, ಒಳಗಿನ ಬಯಕೆಯ ಲಿಂಗ ಬೇರೆ ಅಂತ ಜೈನ ಶಾಸ್ತ್ರಕಾರರು ವಿಂಗಡಿಸಿದರು. ಬಯಕೆಯಲ್ಲಿ ಸ್ತ್ರೀವೇದ, ಪುಂವೇದ, ನಪುಂಸಕವೇದ ಅಂತ ಮೂರು ಬಗೆ; ಇಲ್ಲಿ ವೇದ ಅಂದರೆ ಬಯಕೆ. ಒಂದು ದೇಹದಲ್ಲಿ ಇನ್ನೊಂದು ಬಗೆಯ ಬಯಕೆ ಇರಬಹುದೇ, ಇದ್ದರೆ ಅವರ ಮೋಕ್ಷದ ಕಥೆ ಏನು ಅಂತ ಸಾವಿರ ವರ್ಷದ ಹಿಂದೆಯೇ ಕೂತು ವಾದ ಮಾಡಿದ್ದಾರೆ. ಮುನಿಗಳು ಮಾಡಿದ ಚರ್ಚೆ ಇದು. ಅವರಿಗೆ ನಾಚಿಕೆ ಆಗಲಿಲ್ಲ, ಅಲ್ವಾ? ಈ ಗ್ರಂಥಗಳನ್ನೆಲ್ಲ ಸೇರಿಸಿ, ಅನುವಾದಿಸಿ, 1991ರಲ್ಲಿ ಪುಸ್ತಕ ಮಾಡಿದವರು ಪದ್ಮನಾಭ ಜೈನಿ. ಮೂಡುಬಿದಿರೆ ಹತ್ತಿರದ ನೆಲ್ಲಿಕಾರಿನವರು. ಅವರು ಈ ಕೆಲಸ ಮಾಡಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ನಮ್ಮ ನೆಲದ ವಾದವನ್ನು ನಮ್ಮ ಊರಿನವರೇ ಅಷ್ಟು ದೂರದಿಂದ ಬರೆದರು. ಆ ಪುಸ್ತಕ ಈಗ ನಿಮ್ಮ ಬೀಗದ ಬೀರುವಿನಲ್ಲಿದೆ.

ಪಕ್ಕಪಕ್ಕ ಇಟ್ಟು ಓದಿದರೆ ಏನು ಸಿಗುತ್ತದೆ ಅಂತ ನನ್ನ ವಿದ್ಯಾರ್ಥಿನಿಯ ಟಿಪ್ಪಣಿಯಿಂದಲೇ ಹೇಳುತ್ತೇನೆ. 1139ರಲ್ಲಿ ರೋಮಿನಲ್ಲಿ ಸೇರಿದ ಕ್ರೈಸ್ತ ಚರ್ಚಿನ ಲ್ಯಾಟರನ್ ಸಭೆ ಪಾದ್ರಿಗಳ ಮದುವೆ ಮದುವೆಯೇ ಅಲ್ಲ ಅಂತ ತೀರ್ಮಾನಿಸಿತು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಹೆಂಡತಿ ಮಕ್ಕಳ ಜೊತೆ ಇದ್ದುಕೊಂಡೇ ಅನುಭಾವದ ಮಾತಾಡುತ್ತಿದ್ದರು. ‘ಸತಿಪತಿಗಳೊಂದಾದ ಭಕ್ತಿ ಹಿತವಾಗಿಪ್ಪುದು ಶಿವಂಗೆ’ ಅಂತ ಅವರಿಗಿಂತ ಮೊದಲೇ ದಾಸಿಮಯ್ಯ ಹೇಳಿಯಾಗಿತ್ತು. ಮೇಲ್ನೋಟಕ್ಕೆ ಎರಡು ದಾರಿ ಪೂರ್ತಿ ಬೇರೆ. ಆದರೆ ಅದೇ ಹೊತ್ತಿಗೆ ಫ್ರಾನ್ಸಿನ ಮಠವೊಂದರಲ್ಲಿ ಬರ್ನಾರ್ಡ್ ಎಂಬ ಸನ್ಯಾಸಿ ಬೈಬಲಿನ ಪರಮಗೀತದ ಮೇಲೆ ಪ್ರವಚನ ಮಾಡುತ್ತಿದ್ದ. ಪರಮಗೀತ ಅಂದರೆ ಗಂಡು ಹೆಣ್ಣಿನ ಒಲವಿನ ಹಾಡು. ಅದನ್ನು ಆತ್ಮ ಮತ್ತು ದೇವರ ಒಲವು ಅಂತ ಓದಿದ. ಮೊದಲ ಪ್ರವಚನಗಳೆಲ್ಲ ಬರೀ ಒಂದು ಮುತ್ತಿನ ಬಗ್ಗೆ. 1153ರಲ್ಲಿ ತೀರಿಕೊಳ್ಳುವ ಹೊತ್ತಿಗೆ 86 ಪ್ರವಚನ ಆಗಿತ್ತು, ಎಂಟು ಅಧ್ಯಾಯದ ಗೀತದಲ್ಲಿ ಮೂರನೆಯದರ ಮೊದಲಿಗಷ್ಟೇ ಬಂದಿದ್ದ. ಮದುವೆ ಬಿಟ್ಟ ಸನ್ಯಾಸಿಗಳು ತಮ್ಮನ್ನು ದೇವರ ಮದುಮಗಳು ಅಂದುಕೊಂಡರು. ಸಂಸಾರಿಗಳಾದ ಶರಣರು ‘ಶರಣ ಸತಿ, ಲಿಂಗ ಪತಿ’ ಎಂದರು. ಗಂಡಸರೇ ಹೆಣ್ಣಾಗಿ ದೇವರನ್ನು ಒಲಿಯುವ ಈ ಭಾವ ಎರಡು ಕಡೆಯೂ ಹೇಗೆ ಬಂತು? ಒಬ್ಬರನ್ನೊಬ್ಬರು ಕೇಳಿಯೂ ಅರಿಯದವರು. ಇದು ಅಧ್ಯಯನ ಮಾಡಬೇಕಾದ ಪ್ರಶ್ನೆ ಹೌದೋ ಅಲ್ಲವೋ, ನೀವೇ ಹೇಳಿ.

ಯಹೂದಿಗಳಲ್ಲಿ ರಬ್ಬಿ ಅಕೀವಾ ಎಂಬ ಧರ್ಮಗುರು ಇದೇ ಪರಮಗೀತವನ್ನು ಎಲ್ಲಕ್ಕಿಂತ ಪವಿತ್ರ ಎಂದಿದ್ದ. ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಚಿಶ್ತಿ ಪರಂಪರೆಯಲ್ಲಿ ದೇವರ ಮೇಲಿನ ಹಂಬಲವನ್ನು ಪ್ರೇಮಿಯ ವಿರಹವಾಗಿ ಹಾಡಿದರು. ನಮ್ಮ ಅಕ್ಕಮಹಾದೇವಿ ರೂಹಿಲ್ಲದ, ಅಂದರೆ ರೂಪವಿಲ್ಲದ, ಚೆಲುವನಿಗೆ ಒಲಿದವಳು, ಸಾಯುವ ಕೆಡುವ ಗಂಡಂದಿರನ್ನು ಒಲೆಗೆ ಇಕ್ಕು ಎಂದವಳು. ಹುಡುಕಿದಷ್ಟೂ ಇದೆ.

ಇಷ್ಟೆಲ್ಲ ದೂರ ಹೋಗುವುದೂ ಬೇಡ. ನಿಮ್ಮ ಆಡಳಿತ ಕಚೇರಿಯಿಂದ ಬಸ್ಸು ಹಿಡಿದರೆ ತಿಗಳರ ಪೇಟೆ ಸಿಗುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯ ಮುಂದೆ ನಿಂತು ನೋಡಿ. ತಿಗಳ ಸಮುದಾಯದ ಒಬ್ಬ ಗಂಡಸು ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗ ಹೊತ್ತು ಹೊರಬರುತ್ತಾನೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಆ ಹೊತ್ತಿಗೆ ಅವನು ದ್ರೌಪದಿಯ ಶಕ್ತಿಯನ್ನು ಹೊತ್ತವನು. ಜನ ಕೈ ಮುಗಿಯುತ್ತಾರೆ. ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಗಂಡು, ಹೆಣ್ಣು, ದೇವರು, ಎರಡು ಧರ್ಮ, ಎಲ್ಲವೂ ಒಂದೇ ರಾತ್ರಿ ಒಂದೇ ಬೀದಿಯಲ್ಲಿ. ಲಕ್ಷಾಂತರ ಜನ ಭಕ್ತಿಯಿಂದ ನೋಡುವುದನ್ನು ವಿಶ್ವವಿದ್ಯಾಲಯ ಓದಲು ಹೆದರುತ್ತದೆ ಎಂದರೆ ತಪ್ಪು ಯಾರದ್ದು?

ಗಂಡಾಗಿ ಹುಟ್ಟಿ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣಾಗಿ ಬದುಕುವ ಜೋಗಪ್ಪಗಳನ್ನು, ಜೋಗತಿಯರನ್ನು ಬಲ್ಲವರು ನಮ್ಮಲ್ಲಿ ಜಾಸ್ತಿ ಇದ್ದಾರೆ. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಸರ್ಕಾರ ಗೌರವಿಸಿದ ಬದುಕನ್ನು ಪಠ್ಯಕ್ಕೆ ತರುವುದರಲ್ಲಿ ಅಳುಕು ಯಾಕೆ?

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಅಧ್ಯಯನ ಎಂದರೆ ಪರಂಪರೆಯನ್ನು ಹೊಗಳುವುದು ಅಂತ ನಾನು ಅಂದುಕೊಂಡಿಲ್ಲ. ದೇವಿಯ ಹೆಸರಿನಲ್ಲಿ ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದನ್ನು, ಅವರ ಬದುಕನ್ನು ಊರಿನ ಗಂಡಸರಿಗೆ ಒಪ್ಪಿಸಿದ್ದನ್ನು ಯಾವ ಅಧ್ಯಾತ್ಮವೂ ಮುಚ್ಚಲಾರದು. 1982ರ ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಗುಟ್ಟಾಗಿ ನಡೆದಿದೆ. ಬ್ರಹ್ಮಚರ್ಯದ ಹೆಸರಿನಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯ ಯಾವ ಒಂದು ಧರ್ಮಕ್ಕೂ ಸೀಮಿತವಲ್ಲ. ಗುರುವಿನ ಮೇಲಿನ ಭಕ್ತಿಯನ್ನು ಹೇಗೆ ಬಳಸಿಕೊಳ್ಳುತ್ತಾರೆ, ಮನೆಯವರು ಯಾಕೆ ಬಾಯಿ ಬಿಡುವುದಿಲ್ಲ, ಸಂಸ್ಥೆ ಯಾಕೆ ಮುಚ್ಚಿಡುತ್ತದೆ, ಇದನ್ನೂ ಓದಲೇಬೇಕು. ಮಾತಾಡದೇ ಇದ್ದರೆ ಅನುಕೂಲ ಆಗುವುದು ತಪ್ಪು ಮಾಡಿದವರಿಗೆ.

ಭಕ್ತರ ಭಾವನೆಗೆ ನೋವಾಗುತ್ತದೆ ಎನ್ನುವ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಅದನ್ನು ಹಗುರವಾಗಿ ಕಾಣುವುದಿಲ್ಲ. ನಾನೂ ದಿನಾ ದೀಪ ಹಚ್ಚುವವಳು. ಈ ಕ್ಷೇತ್ರದಲ್ಲಿ ಅವಸರದ ಕೆಲಸಗಳೂ ಆಗಿವೆ. 1995ರಲ್ಲಿ ಅಮೆರಿಕದ ಜೆಫ್ರಿ ಕ್ರಿಪಾಲ್ ರಾಮಕೃಷ್ಣ ಪರಮಹಂಸರ ಮೇಲೆ ಒಂದು ಪುಸ್ತಕ ಬರೆದರು. ಅವರ ಅನುಭಾವದ ಹಿಂದೆ ಲೈಂಗಿಕ ಬಯಕೆ ಇದೆ ಎನ್ನುವ ವಾದ. ದೊಡ್ಡ ಗಲಾಟೆಯಾಯಿತು. ಬಂಗಾಳಿ ಮೂಲವನ್ನು ಸರಿಯಾಗಿ ಓದಿಲ್ಲ ಅಂತ ಅನೇಕರು ಆಕ್ಷೇಪಿಸಿದರು. ಆಗ ರಾಮಕೃಷ್ಣ ಪರಂಪರೆಯ ಇಬ್ಬರು ಏನು ಮಾಡಿದರು ಗೊತ್ತಾ? ಸ್ವಾಮಿ ತ್ಯಾಗಾನಂದ ಮತ್ತು ಪ್ರವ್ರಾಜಿಕಾ ವ್ರಜಪ್ರಾಣ ಮೂಲವನ್ನು ಮುಂದಿಟ್ಟುಕೊಂಡು ಕೂತರು. ಎಲ್ಲೆಲ್ಲಿ ಓದು ತಪ್ಪಿದೆ ಅಂತ ಒಂದೊಂದಾಗಿ ತೋರಿಸಿ 2010ರಲ್ಲಿ ಪುಸ್ತಕವನ್ನೇ ತಂದರು. ಸನ್ಯಾಸಿಗಳೇ ಪುಸ್ತಕಕ್ಕೆ ಪುಸ್ತಕದಲ್ಲಿ ಉತ್ತರ ಕೊಟ್ಟರು. ಹಾಗೆ ಉತ್ತರ ಕೊಡಬೇಕಾದರೆ ಭಾಷೆ ಬರಬೇಕು, ಪಠ್ಯ ಗೊತ್ತಿರಬೇಕು, ತರಬೇತಿ ಬೇಕು. ನಾಳೆ ಯಾರೋ ಅಕ್ಕನ ಬಗ್ಗೆ ಅರೆಬರೆ ಓದಿ ಏನೋ ಬರೆದರೆ ಮೂಲ ತೋರಿಸಿ ತಿದ್ದುವವರು ನಮ್ಮಲ್ಲಿ ಇರಬೇಡವೇ? ಅಂಥವರನ್ನು ತಯಾರು ಮಾಡುವ ಕ್ಲಾಸನ್ನೇ ನೀವು ಮುಚ್ಚಿದ್ದೀರಿ.

ಇದೇ ಊರಿನ ಹೆಸರು ಹೊತ್ತ ಹೆಣ್ಣುಮಗಳೊಬ್ಬಳು ನೂರು ವರ್ಷಕ್ಕೂ ಹಿಂದೆ ಇಂಥದ್ದನ್ನೇ ಎದುರಿಸಿದಳು. ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ. ಸಂಗೀತದ ಜೊತೆ ಸಂಸ್ಕೃತ, ತೆಲುಗು ಓದಿದ್ದಳು. 18ನೇ ಶತಮಾನದ ತಂಜಾವೂರಿನ ಮುದ್ದುಪಳನಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದಳು. ರಾಧೆ ಕೃಷ್ಣರ ಶೃಂಗಾರ ಅದು, ಹೆಣ್ಣೊಬ್ಬಳು ಹೆಣ್ಣಿನ ಬಯಕೆಯನ್ನು ಬಾಯಿಬಿಟ್ಟು ಹೇಳಿದ ಕಾವ್ಯ. ದೊಡ್ಡ ವಿದ್ವಾಂಸರು ಮೊದಲೇ ಅದನ್ನು ಅಶ್ಲೀಲ ಎಂದಿದ್ದರು. ನಾಚಿಕೆ ಎನ್ನುವುದು ಹೆಣ್ಣಿಗೆ ಮಾತ್ರವೇ, ಗಂಡಸು ಬರೆದರೆ ಇಲ್ಲವೇ ಅಂತ ನಾಗರತ್ನಮ್ಮ ಮುನ್ನುಡಿಯಲ್ಲೇ ಕೇಳಿದಳು. 1911ರಲ್ಲಿ ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಜಪ್ತಿ ಮಾಡಿತು. ನಿಷೇಧ ತೆಗೆದದ್ದು 1947ರಲ್ಲಿ. ಮುಂದೆ ಇದೇ ನಾಗರತ್ನಮ್ಮ ತನ್ನ ಗಳಿಕೆ ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. ಶೃಂಗಾರ ಕಾವ್ಯಕ್ಕೆ ಹೋರಾಡಿದವಳೂ ಅವಳೇ, ರಾಮಭಕ್ತನಿಗೆ ಗುಡಿ ಕಟ್ಟಿಸಿದವಳೂ ಅವಳೇ. ಅವಳಿಗೆ ಎರಡರಲ್ಲಿ ಜಗಳ ಕಾಣಲಿಲ್ಲ.

ನನ್ನ ಮಕ್ಕಳ ಬಗ್ಗೆಯೂ ಹೇಳಬೇಕು. ಪಾಠ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳುವವರಿದ್ದಾರೆ. ‘ಮೇಡಂ, ನನಗೆ ಹುಡುಗರ ಮೇಲೆ ಮನಸ್ಸಾಗುತ್ತದೆ, ನಾನು ದೇವರಿಗೆ ಬೇಡವಾದವನಾ?’ ಅಂತ ಒಬ್ಬ ಕೇಳಿದ. ಮುಟ್ಟಾದಾಗ ಪೂಜೆ ಯಾಕೆ ಬೇಡ ಅಂತ ಕೇಳುವ ಹುಡುಗಿಯರು ಎಲ್ಲ ಬ್ಯಾಚಿನಲ್ಲೂ ಇರುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದೇ ತಿಂಗಳಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎನ್ನುವ 377ನೇ ಸೆಕ್ಷನ್ ತೀರ್ಪನ್ನೂ, ಎಲ್ಲ ವಯಸ್ಸಿನ ಹೆಣ್ಣುಮಕ್ಕಳೂ ಗುಡಿಗೆ ಹೋಗಬಹುದು ಎನ್ನುವ ಶಬರಿಮಲೆ ತೀರ್ಪನ್ನೂ ಕೊಟ್ಟಿತು. ದೇಶವೆಲ್ಲ ಮಾತಾಡಿತು. ‘ನಮ್ಮ ಧರ್ಮದಲ್ಲಿ ಹೀಗಿದೆ’ ಅಂತ ಟಿವಿಯಲ್ಲಿ ಕೂಗಿದವರಲ್ಲಿ ಎಷ್ಟು ಜನ ಒಂದು ಮೂಲ ಗ್ರಂಥ ತೆರೆದಿದ್ದರೋ ದೇವರೇ ಬಲ್ಲ. ಮಕ್ಕಳಿಗೆ ಸಿಗುವುದು ಆ ಕೂಗು, ಇಲ್ಲವೇ ಮೊಬೈಲಿನಲ್ಲಿ ಸಿಗುವ ಕಸ. ಕ್ಲಾಸಿನಲ್ಲಿ ಕೂತು ನಿಧಾನವಾಗಿ ಓದುವ ಜಾಗ ಒಂದಾದರೂ ಇರಲಿ ಅಂತ ನಾವು ಆ ಕೋರ್ಸು ಮಾಡಿದ್ದು.

ನನ್ನ ಕೋರಿಕೆಗಳು ದೊಡ್ಡವಲ್ಲ. ನನ್ನ ವಿದ್ಯಾರ್ಥಿನಿಯ ಸಿನಾಪ್ಸಿಸ್ಸನ್ನು ವಿಷಯ ಬಲ್ಲ ಪರಿಣತರ ಮುಂದೆ ಇಡಿ. ವಚನ ಸಾಹಿತ್ಯದವರು ಒಬ್ಬರು, ತೌಲನಿಕ ಧರ್ಮ ಅಧ್ಯಯನದವರು ಒಬ್ಬರು ಇರಲಿ. ಅವರು ಬೇಡ ಎಂದರೆ ಕಾರಣವನ್ನು ಬರೆದು, ಸಹಿ ಹಾಕಿ ಕೊಡಲಿ. ನಾವು ಒಪ್ಪುತ್ತೇವೆ, ಇಲ್ಲವೇ ಉತ್ತರ ಬರೆಯುತ್ತೇವೆ. ಇನ್ನು ಮುಂದೆ ಯಾರ ಸಿನಾಪ್ಸಿಸ್ಸೂ ಸಹಿ ಇಲ್ಲದ ಷರಾದ ಮೇಲೆ ವಾಪಸ್ ಬರಬಾರದು. ಅವಳ ಫೆಲೋಶಿಪ್ಪಿನ ಅವಧಿ ಓಡುತ್ತಿದೆ, ಇದು ತಡವಾದಷ್ಟೂ ನಷ್ಟ ಅವಳಿಗೆ.

ಓಪನ್ ಎಲೆಕ್ಟಿವ್ ಮುಂದಿನ ಸೆಮಿಸ್ಟರಿಗೆ ಶುರುವಾಗಲಿ. ಪಠ್ಯದಲ್ಲಿ ಏನಾದರೂ ಬದಲಾಗಬೇಕು ಎಂದರೆ ಮಂಡಳಿಯಲ್ಲಿ ಕೂತು ಚರ್ಚಿಸೋಣ. ಬೇರೆ ಬೇರೆ ಧರ್ಮದ ವಿದ್ವಾಂಸರನ್ನೂ ಕರೆಯೋಣ. ಅವರಲ್ಲಿ ಕೆಲವರು ನನ್ನ ಮಾತು ಒಪ್ಪಲಿಕ್ಕಿಲ್ಲ, ಅದೂ ಬೇಕು. ಜೋಗತಿಯರನ್ನೂ, ಕರಗದ ಮನೆತನದವರನ್ನೂ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು ಪಾಠಕ್ಕೆ ಕರೆಸಿ. ಅವರ ಬದುಕಿನ ಮೇಲೆ ಬರೀ ಪ್ರಬಂಧ ಬರೆದು ಅವರನ್ನು ಹೊರಗೆ ನಿಲ್ಲಿಸುವುದು ಸರಿಯಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ನಿಯಮ ಬೇಕು: ಒಪ್ಪಿಗೆ ಇಲ್ಲದೆ ಹೆಸರು ಹಾಕಬಾರದು, ಫೋಟೊ ತೆಗೆಯಬಾರದು. ಆ ನಿಯಮದ ಕರಡನ್ನು ನಾನೇ ಬರೆದು ಕೊಡುತ್ತೇನೆ.

ಬೀರುವಿನ ಬೀಗವನ್ನು ಮಾತ್ರ ಇವತ್ತೇ ತೆಗೆಸಬಹುದು. ಅದಕ್ಕೆ ಸಭೆ ಬೇಕಿಲ್ಲ, ನಿಮ್ಮ ಒಂದು ಮಾತು ಸಾಕು.

ಮುಂದಿನ ಅಧ್ಯಯನ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ನನಗೂ ನನ್ನ ವಿದ್ಯಾರ್ಥಿನಿಗೂ ಮಾತಾಡಲು ಅವಕಾಶ ಕೊಡಿ. ಸಭೆಯ ದಿನಾಂಕವನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಅಧ್ಯಾಪಕಿ
ಬೆಂಗಳೂರು